ಐರಾಣಿಯೊಳಗಿನ ಹುಳ

ಹಿರಣ್ಯಕೇಶಿ ದಂಡೆಯ ಆ ಊರಿನಲ್ಲಿ ಆಶಾ ಕಾರ್ಯಕರ್ತೆ ಕೆಂಪವ್ವ ಈಗ ಯಾರ ಮನೆಗೆ ಹೋದರೂ ಮೊದಲು ಕೇಳುವುದು ದೇವರ ಮನೆಯನ್ನು. ಕೈಯಲ್ಲಿ ಬಿಳಿ ತಾಟು, ಹೆಗಲಿನ ಚೀಲದಿಂದ ಹೊರಗೆ ಇಣುಕುವ ಸೌಟು. ಬಚ್ಚಲ ಹಂಡೆ, ಹಿತ್ತಲ ಬ್ಯಾರಲ್ಲು, ದನದ ಬಾನಿ ಎಲ್ಲ ಆಮೇಲೆ. ಜನಕ್ಕೆ ಇದು ಸರಿಬರುವುದಿಲ್ಲ. ಸರಕಾರ ಬ್ಯಾರಲ್ಲು ನೋಡು ಅಂದರೆ ಈಕೆ ದೇವರ ತಂಬಿಗೆಗೇ ಕೈ ಹಾಕುತ್ತಾಳಲ್ಲ ಎಂದು ಗೊಣಗುತ್ತಾರೆ. ಹೊಸದಾಗಿ ಮದುವೆಯಾದ ಮನೆಯವರಂತೂ ಆಕೆ ಓಣಿಗೆ ಬರುತ್ತಿರುವುದು ಕಂಡರೆ ಒಳಗಿನ ಕದ ಎಳೆದುಕೊಳ್ಳುತ್ತಾರೆ. ಕೆಂಪವ್ವ ಜಗ್ಗುವವಳಲ್ಲ. ಕಟ್ಟೆಯ ಮೇಲೆ ಕೂತು, ಕದ ತೆರೆಯುವವರೆಗೂ ಎದ್ದು ಹೋಗುವುದಿಲ್ಲ.

ಮೊದಲು ಹೀಗಿರಲಿಲ್ಲ. ಮೊದಲು ಆಕೆ ಬಂದರೆ ಓಣಿಗೆ ಒಂದು ತಮಾಷೆ. ಹೆಂಗಸರು ಆಕೆಗೆ ಹುಳದ ಕೆಂಪವ್ವ ಎಂದು ಹೆಸರಿಟ್ಟಿದ್ದರು, ಆಕೆಯೂ ಆ ಹೆಸರನ್ನು ಬಹುಮಾನವೆಂಬಂತೆ ಹೊತ್ತು ತಿರುಗುತ್ತಿದ್ದಳು. ನಳದ ನೀರು ವಾರಕ್ಕೊಮ್ಮೆ ಬರುವ ಊರು. ಹಿಡಿದಿಡದೆ ಗತಿಯಿಲ್ಲ, ಹಿಡಿದಿಟ್ಟರೆ ಹುಳ ತಪ್ಪಿದ್ದಲ್ಲ. ಹುಕ್ಕೇರಿಯಲ್ಲಿ ತರಬೇತಿ ಮುಗಿಸಿ ಬಂದ ಮೇಲೆ ಆಕೆಗೆ ನೀರು ಕಂಡಲ್ಲೆಲ್ಲ ಬಗ್ಗಿ ನೋಡುವ ಚಟ ಹತ್ತಿತು. ಸೌಟಿನಿಂದ ಮೇಲಿನ ನೀರನ್ನು ಮೆಲ್ಲಗೆ ತೆಗೆದು ಬಿಳಿ ತಾಟಿಗೆ ಸುರಿಯುವಳು. ನೀರು ನಿಲ್ಲುವವರೆಗೆ ಯಾರೂ ಮಿಸುಕಾಡುವಂತಿಲ್ಲ. ನಿಂತ ಮೇಲೆ ಶುರುವಾಗುವುದು ಆಕೆಯ ಪಾಠ.

"ಹುಳಾ ಅಂದ ಕೂಡ್ಲೆ ಔಷಧಿ ಹಾಕಬ್ಯಾಡ್ರಿ. ಮೊದಲ ಅದರ ಬಾಲಾ ನೋಡ್ರಿ" ಎನ್ನುತ್ತಿದ್ದಳು.

ಕೆಂಪು ದಾರದ ತುಂಡಿನ ಹಾಗೆ ತಳದಲ್ಲಿ ಹೊರಳುವುದು ಯಾರಿಗೂ ಕಚ್ಚದ ಹುಳ, ಅದನ್ನು ಬಿಟ್ಟುಬಿಡಬೇಕು. ಬಾಲದ ತುದಿಗೆ ಮೂರು ಎಲೆ ಅಂಟಿಸಿಕೊಂಡದ್ದು ಹೆಲಿಕಾಪ್ಟರ್ ಹುಳದ ಮರಿ, ಅದು ಸೊಳ್ಳೆಮರಿಯನ್ನು ತಿಂದು ಬದುಕುತ್ತದೆ, ಅದಕ್ಕೆ ಕೈ ಮುಗಿಯಬೇಕು. ಬೆನ್ನು ಕೆಳಗೆ ಮಾಡಿ ಎರಡು ಉದ್ದ ಕಾಲುಗಳಿಂದ ಹುಟ್ಟು ಹಾಕುವುದು ಹೊಳೆಯಿಂದ ಬಂದ ಅತಿಥಿ. ಇನ್ನು ಸೊಳ್ಳೆಮರಿಯಲ್ಲೂ ಜಾತಿ ಬೇರೆ. ನೀರಿನ ಮೇಲೆ ಕಡ್ಡಿಯಂತೆ ಅಡ್ಡಡ್ಡ ಮಲಗಿದ್ದರೆ, ಬಾಲದಲ್ಲಿ ಉಸಿರಿನ ಕೊಳವೆ ಇಲ್ಲದಿದ್ದರೆ, ಅದು ಮಲೇರಿಯಾದ್ದು. ಓರೆಯಾಗಿ ತಲೆಕೆಳಗು ಜೋತಿದ್ದು, ಕೊಳವೆ ಉದ್ದವಾಗಿ ಸಪೂರ ಇದ್ದರೆ ಅದು ಗಟಾರದ ಸೊಳ್ಳೆಯದು, ಕಚ್ಚಿದರೆ ತುರಿಕೆ, ನಿದ್ದೆಗೇಡು. ಕೊಳವೆ ಗಿಡ್ಡವಾಗಿ ದಪ್ಪ ಇದ್ದು, ನೆಟ್ಟಗೆ ಜೋತಿದ್ದು, ಬೆಳಕು ಬಿದ್ದ ಕೂಡಲೇ ಹಾವಿನಂತೆ ಬಳುಕುತ್ತ ತಳಕ್ಕೆ ಇಳಿಯಿತೋ, ಅದು ಡೆಂಗಿಯದು. ಅದಕ್ಕೆ ಗಟಾರ ಬೇಡ. ಶುದ್ಧ ನೀರು ಬೇಕು, ಕತ್ತಲೆ ಬೇಕು, ಅಲುಗಾಡಿಸುವವರು ಇರಬಾರದು.

ಅದನ್ನು ಕಂಡಾಗ ಮಾತ್ರ ಕೆಂಪವ್ವ ನಗುತ್ತಿರಲಿಲ್ಲ. ಬ್ಯಾರಲ್ಲನ್ನು ತಾನೇ ಕೆಡವಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ಬೋರಲು ಹಾಕಿ ಬರುತ್ತಿದ್ದಳು. ಹಿಡಿದಿಟ್ಟ ನೀರು ಹೋಯಿತೆಂದು ಬಾಯಿ ಮಾಡಿದವರಿಗೆ ತನ್ನ ಮನೆಯಿಂದ ಎರಡು ಕೊಡ ತಂದು ಸುರಿದ ದಿನಗಳೂ ಇದ್ದವು. ಗಂಡ ಅಲ್ಲಪ್ಪನಿಗೆ ಕಬ್ಬಿನ ಗದ್ದೆಯಿಂದ ಬಂದರೆ ಕಾಲು ತೊಳೆಯಲು ನೀರಿರುತ್ತಿರಲಿಲ್ಲ, ಪಾಪ. ಆತ ಮಾತಾಡದೆ ಹೊಳೆಗೆ ಹೋಗಿ ಬರುತ್ತಿದ್ದ.

ಮಗ ಪರಶುರಾಮನ ಮದುವೆ ಆದದ್ದು ಆ ವರ್ಷದ ಬೇಸಿಗೆಯ ಕೊನೆಗೆ. ಆತ ಟ್ರ್ಯಾಕ್ಟರ್ ಓಡಿಸುತ್ತಾನೆ, ಮಾತು ಕಡಿಮೆ. ಹುಡುಗಿ ಮೂಡಲಗಿ ಕಡೆಯವಳು, ಹೆಸರು ಮೇಘಾ. ತಂದೆ ಇಲ್ಲ, ತಾಯಿ ಸುಂದ್ರವ್ವ ಎರಡು ಎಮ್ಮೆ ಕಟ್ಟಿಕೊಂಡು, ಅವರಿವರ ಹೊಲದಲ್ಲಿ ದುಡಿದು ಒಬ್ಬಳೇ ಮಗಳನ್ನು ಬೆಳೆಸಿದ್ದಳು. ಹೆಣ್ಣು ನೋಡಲು ಹೋದಾಗ ಸುಂದ್ರವ್ವ ಹೇಳಿದ್ದು ಒಂದೇ ಮಾತು. "ನಮ್ಮ ಹುಡಿಗಿ ಎಲ್ಲಾ ಕೇಳತಾಳ್ರಿ, ಸುಮ್ಮನ ಇರೂದಿಲ್ಲ. ಸ್ವಲ್ಪ ತಾಳಿಕೋರಿ."

ಆ ಮಾತು ಖರೆ. ಬಂದ ವಾರದಲ್ಲೇ ಮೇಘಾ ಅತ್ತೆಯ ಬಿಳಿ ತಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಇದ್ಯಾಕ ಹಿಂಗ ಜೋತೈತಿ, ಅದ್ಯಾಕ ಓಡೇತಿ, ಇದಕ್ಕ ಕಣ್ಣ ಎಲ್ಲದಾವ. ಕೆಂಪವ್ವನಿಗೆ ಇಷ್ಟು ವರ್ಷ ಇಂಥ ಕೇಳುಗರು ಸಿಕ್ಕಿರಲಿಲ್ಲ. ಹೊಸ ಸೊಸೆಯನ್ನು ಹುಳ ನೋಡಲು ಓಣಿ ತುಂಬ ಕರೆದುಕೊಂಡು ತಿರುಗಿದ ಅತ್ತೆ ಇಡೀ ತಾಲೂಕಿನಲ್ಲಿ ಈಕೆಯೊಬ್ಬಳೇ ಇರಬೇಕು. ಹಸಿರು ಬಳೆ ಇನ್ನೂ ಕೈತುಂಬ ಇದ್ದವು, ಆ ಕೈಯಲ್ಲೇ ಹುಡುಗಿ ಸೌಟು ಹಿಡಿದು, "ಅತ್ತಿ, ಇದು ಗಟಾರದ್ದ. ಕೊಳವಿ ಉದ್ದ ಐತಿ" ಎನ್ನುವಳು. ಹೆಚ್ಚಾಗಿ ಸರಿಯಾಗಿಯೇ ಇರುತ್ತಿತ್ತು. ಸರಿ ಅಂದಾಗ ಆಕೆ ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನಗುತ್ತಿದ್ದಳು. ಕೆಂಪವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ. ಆ ನಗು ನೋಡಲೆಂದೇ ಕೆಲವು ಸಲ ಸುಲಭದ ಹುಳ ತೋರಿಸುತ್ತಿದ್ದಳು.

ಇನ್ನು ಐರಾಣಿಯ ವಿಷಯ. ಮದುವೆಗೆ ಮುಂಚೆ ಕುಂಬಾರರ ಮನೆಯಿಂದ ಸುಣ್ಣ, ಕೆಮ್ಮಣ್ಣಿನ ಚಿತ್ತಾರ ಬರೆಸಿದ ಗಡಿಗೆಗಳನ್ನು ಬಾಜಾ ಬಜಂತ್ರಿಯೊಡನೆ ತಂದು, ನೀರು ತುಂಬಿ, ದೇವರ ಮನೆಯಲ್ಲಿಟ್ಟು ಪೂಜಿಸುವುದು ಈ ಕಡೆ ಎಲ್ಲರಲ್ಲೂ ಉಂಟು. ಉಳಿದವರು ಮದುವೆ ಮುಗಿದ ಸ್ವಲ್ಪ ದಿನಕ್ಕೆ ಅವನ್ನು ಕದಲಿಸಿ ನೀರು ಚೆಲ್ಲುತ್ತಾರೆ. ಅಲ್ಲಪ್ಪನ ಮನೆತನದ ರೂಢಿ ಬೇರೆ. ಸೊಸೆ ಮೊದಲ ನಾಗರ ಪಂಚಮಿಗೆ ತವರಿಗೆ ಹೋಗಿ, ಉಂಡಿ ಕಟ್ಟಿಕೊಂಡು ತಿರುಗಿ ಬಂದ ಮೇಲೆಯೇ ಐರಾಣಿಯನ್ನು ಎತ್ತಬೇಕು. ಅಲ್ಲಿಯವರೆಗೆ ಅಲುಗಾಡಿಸಬಾರದು. ಮಣ್ಣಿನ ಗಡಿಗೆ ನೀರು ಕುಡಿಯುತ್ತದಲ್ಲ, ಅದಕ್ಕೆ ಪ್ರತಿ ಶುಕ್ರವಾರ ಒಂದು ಚರಿಗೆ ನೀರು ಸುರಿದು ಮುಚ್ಚಳ ಮುಚ್ಚಬೇಕು. ಕೆಂಪವ್ವನ ಅತ್ತೆ ಸಾಯುವ ಮುಂಚೆ ಸೊಸೆಗೆ ಹೇಳಿಹೋದ ಮಾತುಗಳಲ್ಲಿ ಇದೂ ಒಂದು. ಐರಾಣಿ ಕದಲಿದರೆ ಸಂಸಾರ ಕದಲುತ್ತದೆ ಎಂಬ ಭಯ ಆ ಮನೆಯಲ್ಲಿ ಹಾಸಿ ಹೊದೆಯುವಷ್ಟಿತ್ತು.

ಊರಿನ ಎಲ್ಲರ ಬ್ಯಾರಲ್ಲು ಕೆಡವಿದವಳಿಗೆ ತನ್ನ ದೇವರ ಮನೆಯ ಗಡಿಗೆ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಾಣಲಿಲ್ಲ. ಅದು ಆಕೆಗೆ ನೀರಿನ ಪಾತ್ರೆಯಾಗಿ ತೋರಲೇ ಇಲ್ಲ. ಮೊದಲ ಕೆಲವು ಶುಕ್ರವಾರ ತಾನೇ ಚರಿಗೆ ಹಿಡಿದು, ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ನೀರು ಸುರಿದಳು. ಮದುವೆಯ ಗದ್ದಲದಲ್ಲಿ ಒಂದು ಮುಚ್ಚಳದ ಅಂಚು ಒಡೆದು ಎರಡು ಬೆರಳು ತೂರುವಷ್ಟು ಕಿಂಡಿ ಬಿದ್ದಿತ್ತು. ಅದನ್ನು ಕಂಡಳು, ಸೆರಗಿನಿಂದ ಧೂಳು ಒರೆಸಿದಳು. ಆಮೇಲೆ ಇದು ಮನೆಯ ಮುತ್ತೈದೆ ಸೊಸೆ ಮಾಡಬೇಕಾದದ್ದು ಎಂದು ಚರಿಗೆಯನ್ನು ಮೇಘಾಳ ಕೈಗೆ ಕೊಟ್ಟಳು.

ಆಷಾಢದ ಒಂದು ಶುಕ್ರವಾರ ಮೇಘಾ ದೇವರ ಮನೆಯಿಂದ ಹೊರಗೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಕೆಂಪವ್ವ ರೊಟ್ಟಿ ಬಡಿಯುತ್ತಿದ್ದಳು.

"ಅತ್ತಿ, ಐರಾಣಿ ನೀರ ಯಾವಾಗ ಚೆಲ್ಲತಾರ್ರಿ?"

"ಪಂಚಮಿಗಿ ತವರಮನಿಗೆ ಹೋಗಿ ಬಾ, ಆಮ್ಯಾಲ." ಕೆಂಪವ್ವನಿಗೆ ಒಳಗೊಳಗೇ ನಗು ಬಂತು. "ಯಾಕ, ಈಗ ಅವ್ವನ ನೆನಪ ಆತೇನ?"

"ಹಂಗಲ್ರಿ ಅತ್ತಿ..."

"ಹಂಗೂ ಇಲ್ಲ ಹಿಂಗೂ ಇಲ್ಲ. ಹೊಸದಾಗಿ ಬಂದಾಗ ನಾನೂ ದಿನಾ ಎಣಸ್ತಿದ್ದೆ. ಹೋಗೂವಂತಿ ತಡಿ."

ಮೇಘಾ ಇನ್ನೂ ಏನೋ ಹೇಳುವವಳಿದ್ದಳು. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ಸ್ವಲ್ಪ ಹೊತ್ತು ನಿಂತು, ಒಳಗೆ ಹೋದಳು. ಕೆಂಪವ್ವ ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕಿದಳು. ಇಷ್ಟೇ ನಡೆದದ್ದು.

ಪಂಚಮಿಗೆ ಮೂರು ದಿನ ಮುಂಚೆ ಪರಶುರಾಮ ಹೆಂಡತಿಯನ್ನು ಬೈಕಿನಲ್ಲಿ ಮೂಡಲಗಿಗೆ ಬಿಟ್ಟು ಬಂದ. ಹೋದ ಮರುದಿನವೇ ಆಕೆಗೆ ಜ್ವರ. ಮಳೆಯಲ್ಲಿ ನೆನೆದದ್ದಕ್ಕೆ ಅಂದುಕೊಂಡರು. ಜೋಕಾಲಿ ಆಡಲಿಲ್ಲ, ಉಂಡಿ ಮುಟ್ಟಲಿಲ್ಲ, ಕಣ್ಣಿನ ಹಿಂದೆ ನೋವು ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಸುಂದ್ರವ್ವ ಗಾಬರಿಯಾಗಿ ಫೋನು ಮಾಡಿದಾಗ ಇದು ಡೆಂಗಿಯೇ ಎಂದು ಕೆಂಪವ್ವನಿಗೆ ಕೂಡಲೇ ತಿಳಿಯಿತು. ಗೋಕಾಕಿನ ಒಂದು ಆಸ್ಪತ್ರೆಗೆ ಸೇರಿಸಿದರು. ರಕ್ತ ನೋಡಿ ಡೆಂಗಿ ಅಂದರು.

ಸೊಸೆಯ ಬಟ್ಟೆ ತರಲು ಕೆಂಪವ್ವ ಗೋಕಾಕಿನಿಂದ ಬೀಗರ ಮನೆಗೆ ಹೋದಳು. ಬಟ್ಟೆ ಗಂಟು ಕಟ್ಟಿ ಹಿತ್ತಲಿಗೆ ಬಂದರೆ ಎಮ್ಮೆ ನೀರು ಕುಡಿಯುವ ಕಲ್ಲಬಾನಿ ಕಂಡಿತು. ಹಸಿರು ಪಾಚಿ, ತೇಲುವ ಹುಲ್ಲು, ಗಿಜಿಗುಟ್ಟುವ ಹುಳ. ಬೇರೆ ದಿನವಾಗಿದ್ದರೆ ತಾಟಿಗೆ ಸುರಿದು, ನೀರು ನಿಲ್ಲುವವರೆಗೆ ಕಾದು, ಬಾಲ ನೋಡುತ್ತಿದ್ದಳು. ಹುಳ ಅಂದ ಕೂಡಲೇ ಹಾರಿಬೀಳುವವರನ್ನು ಎಷ್ಟೋ ಸಲ ಬೈದವಳು. ಆ ದಿನ ನೋಡಲಿಲ್ಲ. ಒಂದು ಬಾಟಲಿ ಹುಡುಕಿ, ಬಾನಿಯಲ್ಲಿ ಮುಳುಗಿಸಿ ತುಂಬಿಕೊಂಡಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಹತ್ತು ಜನರ ಎದುರು ಆ ಬಾಟಲಿಯನ್ನು ಸುಂದ್ರವ್ವನ ಮುಖಕ್ಕೆ ಹಿಡಿದಳು.

"ನೋಡ್ರಿ ಬೀಗತಿ. ನಿಮ್ಮ ಬಾನಿಯೊಳಗ ಇದ್ವು. ಆರಾಮಾಗಿ ನಡಕೋತ ಬಂದ ಹುಡಿಗಿಗೆ ನಿಮ್ಮ ಮನ್ಯಾಗ ಕಚ್ಯಾವು."

ಸುಂದ್ರವ್ವ ಬಾಟಲಿಯನ್ನು ನೋಡಿದಳು, ಬೀಗತಿಯ ಮುಖವನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಮತ್ತೆ ಎರಡೂ ಕೈ ಚಾಚಿ ಬಾಟಲಿ ಇಸಿದುಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು, ಗೋಡೆಗೆ ಒರಗಿ ಕೂತಳು.

ಸೊಳ್ಳೆ ಕಚ್ಚಿದ ಮರುದಿನ ಯಾರಿಗೂ ಡೆಂಗಿ ಜ್ವರ ಬರುವುದಿಲ್ಲ, ನಾಲ್ಕಾರು ದಿನವಾದರೂ ಹಿಡಿಯುತ್ತದೆ. ತರಬೇತಿಯಲ್ಲಿ ಇದನ್ನು ಬಾಯಿಪಾಠ ಒಪ್ಪಿಸಿ ಭೇಷ್ ಅನಿಸಿಕೊಂಡವಳು ಕೆಂಪವ್ವ. ಆ ಹೊತ್ತು ಅದು ಆಕೆಗೆ ನೆನಪಾಗಲಿಲ್ಲ. ನೆನಪಾಗುವುದು ಆಕೆಗೆ ಬೇಕಾಗಿರಲಿಲ್ಲ ಎಂದರೂ ತಪ್ಪಲ್ಲ.

ಜ್ವರ ಇಳಿಯಿತು. ಮೇಘಾ ಎದ್ದು ಕೂತು ಎಳನೀರು ಕುಡಿದಳು, ಗಂಡನ ಹತ್ತಿರ ಮನೆಯ ಆಕಳ ಕರುವಿನ ಬಗ್ಗೆ ಕೇಳಿದಳು. ಎಲ್ಲರಿಗೂ ಜೀವ ಬಂತು. ಜ್ವರ ಇಳಿದ ಮೇಲೆಯೇ ಕೆಲವರಿಗೆ ಗಂಡಾಂತರ ಎಂದು ಡಾಕ್ಟರು ಹೇಳಿದ್ದರು, ಹಾಗೇ ಆಯಿತು. ಸಂಜೆ ಕೈಕಾಲು ತಣ್ಣಗಾದವು. ಬೆಳಗಾವಿಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ ಹುಡುಗಿ ಹೋಗಿಬಿಟ್ಟಳು. ಕೈಯಲ್ಲಿ ಹಸಿರು ಬಳೆಗಳು ಹಾಗೇ ಇದ್ದವು.

ಮಣ್ಣು ಮಾಡಿದ ಮೇಲೆ ಪರಶುರಾಮ ಮಾತಾಡುವುದನ್ನೇ ಬಿಟ್ಟ. ಟ್ರ್ಯಾಕ್ಟರ್ ತೆಗೆದುಕೊಂಡು ಹೋದರೆ ಊಟದ ಹೊತ್ತಿಗೂ ಬರುತ್ತಿರಲಿಲ್ಲ. ಕೆಂಪವ್ವ ಬಂದವರೆದುರು ಅಳುತ್ತ ಬಾನಿಯ ಕತೆಯನ್ನೇ ಹೇಳಿದಳು. ಕೇಳಿದವರು ಮೂಡಲಗಿಯವರೆಗೂ ಒಯ್ದರು. ಮಗಳನ್ನು ತಿಂದುಕೊಂಡ ತಾಯಿ ಎಂದು ಸುಂದ್ರವ್ವನನ್ನು ಅಲ್ಲಿಯವರು ಅನ್ನುತ್ತಾರಂತೆ ಎಂಬ ಸುದ್ದಿ ತಿರುಗಿ ಬಂದಾಗ ಕೆಂಪವ್ವನಿಗೆ ಸಮಾಧಾನವೂ ಆಗಲಿಲ್ಲ, ಸಂಕಟವೂ ಆಗಲಿಲ್ಲ. ಯಾರನ್ನಾದರೂ ಬಯ್ಯದಿದ್ದರೆ ಆಕೆಗೆ ಉಸಿರಾಡಲು ಆಗುತ್ತಿರಲಿಲ್ಲ, ಅಷ್ಟೇ.

ತಿಂಗಳು ಕಳೆಯಿತು. ದೇವರ ಮನೆಯಲ್ಲಿ ಐರಾಣಿ ಇದ್ದಲ್ಲೇ ಇತ್ತು, ಶುಕ್ರವಾರದ ಚರಿಗೆ ನಿಂತಿದ್ದರೂ ಅರ್ಧ ಗಡಿಗೆ ನೀರು ಉಳಿದಿತ್ತು. ಎತ್ತಬೇಕಾದವಳು ತವರಿನಿಂದ ತಿರುಗಿ ಬರಲಿಲ್ಲ, ಇನ್ನು ಅದನ್ನು ಇಟ್ಟುಕೊಂಡು ಏನು ಮಾಡುವುದು, ಹೊಳೆಗೆ ಬಿಟ್ಟುಬಿಡಿ ಎಂದರು ಹಿರಿಯರು. ಒಂದು ಮುಂಜಾನೆ ಕೆಂಪವ್ವ ಗಡಿಗೆಗಳನ್ನು ಒಂದೊಂದಾಗಿ ಎತ್ತಿ ಹಿತ್ತಲ ಕಟ್ಟೆಯ ಮೇಲೆ ಇಟ್ಟಳು. ಒಡಕು ಮುಚ್ಚಳ ಜಾರಿ ಕೆಳಗೆ ಬಿತ್ತು. ಬಿಸಿಲು ನೇರ ಗಡಿಗೆಯೊಳಗೆ ಬಿದ್ದಿತು.

ಒಳಗೆ ಏನೋ ಬಳುಕುತ್ತ ತಳಕ್ಕೆ ಇಳಿಯಿತು.

ಕೆಂಪವ್ವ ಮನೆಯೊಳಗೆ ಹೋಗಿ ತಾಟು, ಸೌಟು ತಂದಳು. ಕೈ ತಾನಾಗಿ ಕೆಲಸ ಮಾಡಿತು. ತಳಕ್ಕೆ ಕೈ ಹಾಕಿ ಮೆಲ್ಲಗೆ ಮೊಗೆದು ಸುರಿದು, ನೀರು ನಿಲ್ಲಲೆಂದು ಕಾದಳು. ಓರೆಯಾಗಿ ಜೋತಿರಲಿ ಎಂದು ಬೇಡಿಕೊಂಡಳು. ಕೊಳವೆ ಉದ್ದವಿರಲಿ, ಸಪೂರವಿರಲಿ, ಗಟಾರದ್ದಾಗಿರಲಿ, ಕೆಂಪು ದಾರದಂಥದ್ದೇ ಆಗಿರಲಿ. ಇಷ್ಟು ವರ್ಷ ಹುಳವನ್ನು ನೋಡಿ ಹೆಸರು ಹೇಳಿದವಳು, ಮೊದಲ ಸಲ ಹೆಸರು ಮೊದಲೇ ಬೇಡಿ ಹುಳವನ್ನು ನೋಡಿದಳು.

ನೀರು ನಿಂತಿತು. ಹುಳಗಳು ನೆಟ್ಟಗೆ ಜೋತವು. ಕೊಳವೆ ಗಿಡ್ಡ, ದಪ್ಪ. ಬಿಸಿಲಿಗೆ ಅಡ್ಡ ಕೈ ಹಿಡಿದು ತೆಗೆದಳು. ಎಲ್ಲ ಒಟ್ಟಿಗೆ ಬಳುಕಿ ಕೆಳಗೆ ಹೋದವು. ಮತ್ತೊಮ್ಮೆ ಮಾಡಿದಳು. ಹುಳ ಸುಳ್ಳು ಹೇಳಲಿಲ್ಲ.

ಆಗ ಅಡಿಗೆಮನೆಯ ಬಾಗಿಲಲ್ಲಿ ಚೌಕಟ್ಟು ಕೆರೆಯುತ್ತ ನಿಂತ ಹುಡುಗಿ ನೆನಪಾದಳು. ಐರಾಣಿ ನೀರ ಯಾವಾಗ ಚೆಲ್ಲತಾರ್ರಿ. ಆಕೆ ಕೇಳಿದ್ದು ತವರನ್ನಲ್ಲ. ಆಕೆಗೆ ಹುಳದ ಜಾತಿ ಗುರುತಿಸಲು ಬರುತ್ತಿತ್ತು, ಕಲಿಸಿದವಳು ತಾನೇ. ಕೆಂಪವ್ವ ಕಟ್ಟೆಯ ಮೇಲೆ ತಾಟಿನ ಪಕ್ಕ ಕೂತಳು. ಅಲ್ಲಪ್ಪ ಬಂದು ಏನಾಯಿತು ಎಂದು ಕೇಳಿದರೆ ತಾಟು ತೋರಿಸಿದಳು. ಆತನಿಗೆ ಅದರಲ್ಲಿ ಬರೀ ಹುಳ ಕಂಡವು.

ಗಂಡನಿಗೆ ಬಿಡಿಸಿ ಹೇಳಿದಾಗ ಆತ "ಆದದ್ದ ಆತು. ಇನ್ನ ಯಾರಿಗೂ ಹೇಳಬ್ಯಾಡ" ಅಂದ. ಆ ಮಾತು ಆಕೆಗೆ ಹಿತವಾಗಿಯೇ ಇತ್ತು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗಡಿಗೆ ಹೊಳೆ ಸೇರುತ್ತದೆ, ಊರಿಗೆ ಊರೇ ನಂಬಿದ ಕತೆ ಹಾಗೇ ಉಳಿಯುತ್ತದೆ. ಆದರೆ ಆ ಕತೆಯೊಳಗೆ ಒಬ್ಬಳು ಗೋಡೆಗೆ ಒರಗಿ ಕೂತಿದ್ದಳು, ಸೆರಗಿನಲ್ಲಿ ಬಾಟಲಿ ಮುಚ್ಚಿಕೊಂಡು. ಅವಳನ್ನು ಅಲ್ಲಿಂದ ಎಬ್ಬಿಸದೆ ಕೆಂಪವ್ವನಿಗೆ ತುತ್ತು ಇಳಿಯಲಿಲ್ಲ. ಎರಡು ದಿನ ತಾಳಿ, ಮೂರನೆಯ ದಿನ ಹುಕ್ಕೇರಿಗೆ ಬಂದು ಮೂಡಲಗಿಯ ಬಸ್ಸು ಹತ್ತಿದಳು. ಧುಪದಾಳದ ಹತ್ತಿರ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಇಳಿದು ತಿರುಗಿ ಹೋಗಿಬಿಡಲೇ ಎಂದು ಘಟಪ್ರಭೆಯಲ್ಲಿ ಒಮ್ಮೆ ಅನಿಸಿತು. ಇಳಿಯಲಿಲ್ಲ.

ಸುಂದ್ರವ್ವನ ಹಿತ್ತಲಲ್ಲಿ ಬಾನಿ ಬೋರಲು ಬಿದ್ದಿತ್ತು. ಎಮ್ಮೆಗಳಿರಲಿಲ್ಲ, ಮಾರಿದ್ದಳು. ಮನೆಯಲ್ಲಿ ಒಂದು ಕೊಡ ನೀರೂ ಇರಲಿಲ್ಲ. ಬೀಗತಿಗೆ ಕುಡಿಯಲು ಕೊಡಲು ಪಕ್ಕದ ಮನೆಯಿಂದ ತಂಬಿಗೆಯಲ್ಲಿ ಇಸಿದು ತಂದಳು. ಮಗಳ ಫೋಟೋ ಇದ್ದ ಗೂಡಿನಲ್ಲಿ ಆ ಬಾಟಲಿ ಇತ್ತು. ಹುಳಗಳು ಯಾವಾಗಲೋ ಕರಗಿ ತಳದಲ್ಲಿ ಕೆಸರಾಗಿ ಕೂತಿದ್ದವು.

ಕೆಂಪವ್ವ ನೀರು ಕುಡಿಯಲಿಲ್ಲ. ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಒಡಕು ಮುಚ್ಚಳ, ಬಿಸಿಲು, ಗಿಡ್ಡ ಕೊಳವೆ. ನಿಮ್ಮ ಬಾನಿಯಲ್ಲಿದ್ದದ್ದು ಏನೆಂದು ತಾನು ನೋಡಲೇ ಇಲ್ಲ ಎಂಬುದನ್ನೂ ಹೇಳಿದಳು. "ತಪ್ಪ ನಂದು. ನಿಮ್ಮ ಮಗಳಿಗೆ ಕಚ್ಚಿದ್ದು ನನ್ನ ದೇವರ ಮನ್ಯಾಗಿನ ಹುಳಾ. ನಿಮ್ಮ ಮ್ಯಾಲ ಹಾಕಿ ನಾ ಊರ ತುಂಬ ಅತ್ತೆ. ಏನ ಬೇಕಾದ್ರೂ ಅನ್ರಿ."

ಸುಂದ್ರವ್ವ ಗೂಡಿನ ಕಡೆ ನೋಡಿದಳು.

"ನನಗ ಗೊತ್ತಿತ್ರಿ" ಅಂದಳು.

ಕೆಂಪವ್ವ ತಲೆ ಎತ್ತಿದಳು.

"ಆಷಾಢದಾಗ ಫೋನ್ ಮಾಡಿ ಹೇಳಿದ್ಲು. ಅವ್ವಾ, ಐರಾಣಿಯೊಳಗ ಹುಳಾ ಅದಾವ, ಗಿಡ್ಡ ಬಾಲದ್ದು, ಅತ್ತಿಗಿ ಹೆಂಗ ಹೇಳ್ಲಿ ಅಂದ್ಲು. ನಾನ ಅಂದೆ, ಹೇಳಬ್ಯಾಡ. ಹೊಸದಾಗಿ ಹೋಗಿ ಮನಿ ದೇವರೊಳಗ ಹುಳಕ ಹುಡಕತಾಳ ಅಂತ ತಿಳಕೊಂತಾರ, ಪಂಚಮಿ ಮಟಾ ತಡಿ ಅಂದೆ."

"ಹಂಗಾದ್ರ ದವಾಖಾನ್ಯಾಗ..." ಕೆಂಪವ್ವ ಗೂಡಿನ ಬಾಟಲಿಯ ಕಡೆ ಕೈ ತೋರಿಸಿದಳು. "ನಾ ಅಷ್ಟ ಮಂದಿ ಮುಂದ ಬಾಟ್ಲಿ ಹಿಡದಾಗ ಯಾಕ ಸುಮ್ಮನಿದ್ರಿ?"

ಸುಂದ್ರವ್ವ ತಂಬಿಗೆಯನ್ನು ಬೀಗತಿಯ ಹತ್ತಿರ ಸರಿಸಿದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

"ಆವಾಗ ಇನ್ನಾ ಆಕಿ ಜೀವಂತ ಇದ್ಲಲ್ರಿ. ಆರಾಮಾದ ಮ್ಯಾಲ ತಿರಗಿ ನಿಮ್ಮ ಮನಿಗೇ ಬಾಳಾಕ ಬರಾಕಿ ಇದ್ಲು."